ಅರ್ಧಕ್ಕೆ ಡಾಕ್ಟರ್ ಬದಲಾಯಿಸಿದರೆ ಹಲ್ಲಿನ ಚಿಕಿತ್ಸೆಯ ದುಡ್ಡು ಯಾರ ಲೆಕ್ಕಕ್ಕೆ?

“ಇದನ್ನ ಮೊದಲಿಂದಲೇ ಮಾಡ್ಬೇಕಾಗುತ್ತೆ.” ರೂಟ್ ಕೆನಾಲ್ ಅರ್ಧಕ್ಕೆ ಬಿಟ್ಟು ಬೇರೆ ಕ್ಲಿನಿಕ್‌ಗೆ ಹೋದವರು ಸಾಮಾನ್ಯವಾಗಿ ಮೊದಲು ಕೇಳುವ ಮಾತು ಇದೇ. ಹಳೇ ಕ್ಲಿನಿಕ್‌ನಲ್ಲಿ ಅಷ್ಟು ಹೊತ್ತಿಗೆ ಮುಕ್ಕಾಲು ದುಡ್ಡು ಕಟ್ಟಿ ಆಗಿರುತ್ತದೆ. ಅಲ್ಲಿ ಕೇಳಿದರೆ “ಪ್ಯಾಕೇಜ್ ಅಲ್ವಾ, ವಾಪಸ್ ಬರಲ್ಲ” ಅನ್ನುತ್ತಾರೆ. ಹೊಸ ಡಾಕ್ಟರ್ ಪೂರ್ತಿ ದುಡ್ಡು ಕೇಳುತ್ತಾರೆ. ಇರೋದು ಒಂದೇ ಹಲ್ಲು, ಬಿಲ್ಲು ಎರಡು.

ಮೈಸೂರಿನಂಥ ಊರಲ್ಲಿ ಇದು ಅಪರೂಪದ ಸಂಗತಿ ಅಲ್ಲ. ಓದಲು ಬಂದವರು ಕೋರ್ಸ್ ಮುಗಿಸಿ ಹೊರಡುತ್ತಾರೆ. ಟ್ರೈನಿಂಗ್‌ಗೆ ಬಂದವರಿಗೆ ಬೇರೆ ಊರಿಗೆ ಪೋಸ್ಟಿಂಗ್ ಆಗುತ್ತದೆ. ಮಂಡ್ಯ, ಮದ್ದೂರಿನ ಕಡೆಯವರು ಒಂದು ಸಲ ಮೈಸೂರಿನಲ್ಲಿ ತೋರಿಸಿದರೆ ಇನ್ನೊಂದು ಸಲ ಬೆಂಗಳೂರಿನಲ್ಲಿ ತೋರಿಸುತ್ತಾರೆ. ಡಾಕ್ಟರ್ ಮೇಲೆ ನಂಬಿಕೆ ಹೋಗಿ ಬಿಟ್ಟು ಬರುವವರೂ ಇದ್ದಾರೆ. ಕಾರಣ ಏನೇ ಇರಲಿ, ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಕಟ್ಟಿದ ದುಡ್ಡಿನಲ್ಲಿ ಎಷ್ಟು ವಾಪಸ್ ಬರಬೇಕು, ಹೊಸದಾಗಿ ಎಷ್ಟು ಕೊಡಬೇಕು?

ಮಾತಿನಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ದೂರು ಕೇಳುವ ಗ್ರಾಹಕ ಆಯೋಗ ಇದೆ. ಆದರೆ ಡಾಕ್ಟರುಗಳ ಮೇಲೆ ಅಲ್ಲಿಗೆ ಹೋಗಬಹುದೋ ಇಲ್ಲವೋ ಎಂಬ ಬಗ್ಗೆ ಇತ್ತೀಚಿನ ವರ್ಷಗಳಲ್ಲಿ ಬಂದ ಸುದ್ದಿಗಳು ಒಂದಕ್ಕೊಂದು ತಾಳೆ ಆಗದ ಹಾಗೆ ಕಾಣುತ್ತವೆ. ಮೊದಲು ಆ ಗಂಟು ಬಿಡಿಸೋಣ.

ಗೊಂದಲ ಹುಟ್ಟಿದ್ದು ಎಲ್ಲಿ?

2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ವಕೀಲರ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ ಎಂದು ಅದರಲ್ಲಿ ಹೇಳಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇತ್ತು. ಡಾಕ್ಟರುಗಳನ್ನು ಈ ಕಾಯ್ದೆಯೊಳಗೆ ತಂದ 1995ರ ತೀರ್ಪನ್ನು ದೊಡ್ಡ ಪೀಠ ಮತ್ತೊಮ್ಮೆ ನೋಡಬೇಕು ಎಂಬ ಮಾತು. ಇದನ್ನು ಓದಿದ ಅನೇಕರು ಇನ್ನು ಡಾಕ್ಟರುಗಳೂ ಹೊರಗೆ ಎಂದುಕೊಂಡರು.

ಹಾಗೆ ಆಗಲಿಲ್ಲ. 2024ರ ನವೆಂಬರ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ಮರುನೋಟ ಬೇಕಿಲ್ಲ ಎಂದು ವಿಷಯ ಮುಗಿಸಿತು. ಹಾಗಾಗಿ 1995ರ ತೀರ್ಪು ಹಾಗೇ ಇದೆ: ಫೀಸು ತೆಗೆದುಕೊಂಡು ಕೊಡುವ ಚಿಕಿತ್ಸೆ ಕೂಡ ಒಂದು ಸೇವೆ. ಅದರಲ್ಲಿ ಕೊರತೆಯಾದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು.

ಇನ್ನೊಂದು ಗೊಂದಲ 2019ರ ಹೊಸ ಕಾಯ್ದೆಯದು. ಅದರ ಮೊದಲಿನ ಮಸೂದೆಯಲ್ಲಿ ‘ಸೇವೆ’ ಎಂಬುದರ ವಿವರಣೆಯೊಳಗೆ ಆರೋಗ್ಯ ಸೇವೆಯ ಹೆಸರು ಇತ್ತು. ಕೊನೆಗೆ ಪಾಸಾದ ಕಾಯ್ದೆಯಲ್ಲಿ ಆ ಪದ ಇರಲಿಲ್ಲ. ಪದ ತೆಗೆದ ಮೇಲೆ ಡಾಕ್ಟರುಗಳು ಹೊರಗೆ ತಾನೇ ಎಂಬ ವಾದ ಬಾಂಬೆ ಹೈಕೋರ್ಟ್‌ಗೆ ಹೋಯಿತು. 2021ರಲ್ಲಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ, 2022ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ.

ಅಲ್ಲಿಗೆ ಹಲ್ಲಿನ ಡಾಕ್ಟರ್ ಕಾನೂನಿನ ಒಳಗಿದ್ದಾರೆ ಎಂಬುದು ಖಚಿತ. ಆದರೆ ಕಾನೂನಿನ ಒಳಗಿದ್ದಾರೆ ಎಂದ ಮಾತ್ರಕ್ಕೆ ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬುದು ತೀರ್ಮಾನ ಆಗುವುದಿಲ್ಲ. ಅದಕ್ಕೆ ಹಲ್ಲಿನೊಳಗೆ ನಡೆಯುವ ಕೆಲಸ ಏನು ಎಂದು ತಿಳಿದುಕೊಳ್ಳಬೇಕು.

ಒಂದು ಹಲ್ಲು, ಐದು ಕೆಲಸ

ರೂಟ್ ಕೆನಾಲ್ ಎಂದು ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಅದು ಒಂದು ಕೆಲಸ ಅಲ್ಲ. ಮೊದಲು ಎಕ್ಸ್-ರೇ ತೆಗೆದು ನೋಡುತ್ತಾರೆ. ಆಮೇಲೆ ಹಲ್ಲಿನ ಮೇಲ್ಭಾಗದಲ್ಲಿ ತೂತು ಮಾಡಿ ಒಳಗೆ ಕೊಳೆತ ನರ ತೆಗೆಯುತ್ತಾರೆ. ಕೂದಲೆಳೆಯಂಥ ಸಣ್ಣ ಫೈಲ್‌ಗಳನ್ನು (ಅಂದರೆ ಅರಗಳನ್ನು) ಬೇರಿನೊಳಗಿನ ಕಾಲುವೆಗಳಲ್ಲಿ ತುದಿಯವರೆಗೆ ಇಳಿಸಿ, ಒಳಗೋಡೆಯನ್ನು ಕೆರೆದು, ಔಷಧಿ ನೀರಿನಿಂದ ತೊಳೆಯುತ್ತಾರೆ. ಸೋಂಕು ಜಾಸ್ತಿ ಇದ್ದರೆ ಒಳಗೆ ಔಷಧಿ ಇಟ್ಟು, ಮೇಲೆ ತಾತ್ಕಾಲಿಕ ಸಿಮೆಂಟ್ ಮುಚ್ಚಿ, ಮುಂದಿನ ವಾರ ಬನ್ನಿ ಅನ್ನುತ್ತಾರೆ. ಸೋಂಕು ಇಳಿದ ಮೇಲೆ ಆ ಕಾಲುವೆಗಳನ್ನು ರಬ್ಬರಿನಂಥ ವಸ್ತುವಿನಿಂದ ತುಂಬಿ ಬಿಗಿಯಾಗಿ ಮುಚ್ಚುತ್ತಾರೆ. ಆಮೇಲೆ ಮೇಲಿನ ಗಟ್ಟಿ ಫಿಲ್ಲಿಂಗ್. ಕೊನೆಗೆ ಅಳತೆ ತೆಗೆದು ಲ್ಯಾಬ್‌ಗೆ ಕಳಿಸಿ ಕ್ಯಾಪ್ ಕೂರಿಸುತ್ತಾರೆ.

ಎಕ್ಸ್-ರೇ, ನರ ತೆಗೆದು ಶುದ್ಧ ಮಾಡುವುದು, ಕಾಲುವೆ ತುಂಬುವುದು, ಗಟ್ಟಿ ಫಿಲ್ಲಿಂಗ್, ಕ್ಯಾಪ್. ಐದು ಕೆಲಸ. ಡಾಕ್ಟರ್ ಸಮಯ ಹೆಚ್ಚು ಹಿಡಿಯುವುದು ಎರಡನೆಯದರಲ್ಲಿ. ಸಾಮಾನಿಗೂ ಲ್ಯಾಬ್‌ಗೂ ದುಡ್ಡು ಹೆಚ್ಚು ಹೋಗುವುದು ಐದನೆಯದರಲ್ಲಿ.

ಈಗ ರಸೀದಿ ನೋಡಿ. ಬಹಳ ಕಡೆ ಅದರಲ್ಲಿ ಇರುವುದು ಒಂದೇ ಸಾಲು: ‘ಆರ್‌ಸಿಟಿ ವಿತ್ ಕ್ಯಾಪ್’ (ರೂಟ್ ಕೆನಾಲ್ ಮತ್ತು ಕ್ಯಾಪ್), ಪಕ್ಕದಲ್ಲಿ ಒಂದು ಮೊತ್ತ, ಕೆಳಗೆ ‘ಅಡ್ವಾನ್ಸ್ ಪೇಯ್ಡ್’. ಕೆಲವು ಕಡೆ ಅಷ್ಟೂ ಇರುವುದಿಲ್ಲ, ಅಪಾಯಿಂಟ್‌ಮೆಂಟ್ ಕಾರ್ಡಿನ ಹಿಂದೆ ಪೆನ್ನಿನಲ್ಲಿ ಬರೆದ ಒಂದು ಅಂಕಿ ಇರುತ್ತದೆ. ಜಗಳದ ಬೇರು ಇರುವುದು ಇಲ್ಲೇ. ಕೆಲಸ ನಡೆಯುವುದು ಹಂತ ಹಂತವಾಗಿ, ದರ ಮಾತಾಡುವುದು ಒಟ್ಟಿಗೆ. ಎಲ್ಲ ಸರಿಯಾಗಿ ನಡೆದರೆ ಇದರಿಂದ ಯಾರಿಗೂ ತೊಂದರೆ ಇಲ್ಲ. ಮಧ್ಯದಲ್ಲಿ ಕಿತ್ತುಹೋದಾಗ ಮಾತ್ರ ಯಾವ ಹಂತಕ್ಕೆ ಎಷ್ಟು ಎಂದು ಯಾರ ಹತ್ತಿರವೂ ಉತ್ತರ ಇರುವುದಿಲ್ಲ.

ನಷ್ಟ ಎರಡು ಥರ

ಒಂದು ಲೆಕ್ಕ ಹಾಕಿ ನೋಡೋಣ. ಈ ಅಂಕಿಗಳು ಬರೀ ಉದಾಹರಣೆಗೆ, ಯಾವ ಕ್ಲಿನಿಕ್‌ನ ದರವೂ ಅಲ್ಲ. ಒಟ್ಟು ಪ್ಯಾಕೇಜ್ 9,000 ರೂಪಾಯಿ ಅಂದುಕೊಳ್ಳಿ. ಎಕ್ಸ್-ರೇಗೆ 500, ನರ ತೆಗೆದು ಶುದ್ಧ ಮಾಡಲು 2,500, ಕಾಲುವೆ ತುಂಬಲು 1,000, ಗಟ್ಟಿ ಫಿಲ್ಲಿಂಗ್‌ಗೆ 1,000, ಕ್ಯಾಪ್‌ಗೆ 4,000. ರೋಗಿ 6,000 ಕಟ್ಟಿದ್ದಾರೆ. ಶುದ್ಧ ಮಾಡಿ ತಾತ್ಕಾಲಿಕ ಸಿಮೆಂಟ್ ಹಾಕಿದ ಮೇಲೆ ಡಾಕ್ಟರ್ ಬದಲಾಯಿಸಿದ್ದಾರೆ.

ಅಲ್ಲಿಯವರೆಗೆ ಆಗಿರುವ ಕೆಲಸ 3,000 ರೂಪಾಯಿಯದು. ಮೊದಲ ಕ್ಲಿನಿಕ್‌ನಲ್ಲಿ ಉಳಿದಿರುವುದು 3,000. ಎರಡನೇ ಡಾಕ್ಟರ್ ಮೊದಲಿಂದ ಮಾಡುತ್ತೇನೆ ಎಂದು 9,000 ಕೇಳುತ್ತಾರೆ. ಹಳೇ ಕ್ಲಿನಿಕ್ ಏನೂ ವಾಪಸ್ ಕೊಡದಿದ್ದರೆ ಆ ಹಲ್ಲಿಗೆ ಬಿದ್ದದ್ದು 15,000. ಉಳಿದ 3,000 ವಾಪಸ್ ಕೊಟ್ಟರೆ 12,000.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಎಲ್ಲರೂ ನ್ಯಾಯವಾಗಿ ನಡೆದುಕೊಂಡರೂ ರೋಗಿಗೆ 3,000 ಜಾಸ್ತಿ ಬೀಳುತ್ತದೆ. ಅದು ಡಾಕ್ಟರ್ ಬದಲಾಯಿಸಿದ್ದಕ್ಕೆ ತೆರುವ ನಿಜವಾದ ಬೆಲೆ, ಯಾಕೆಂದರೆ ಒಂದು ಕೆಲಸ ಎರಡು ಸಲ ಆಗಿದೆ. ಇನ್ನೊಂದು 3,000 ಹಾಗಲ್ಲ. ಅದು ಮಾಡದ ಕೆಲಸಕ್ಕೆ ಹಿಡಿದಿಟ್ಟುಕೊಂಡ ದುಡ್ಡು. ಈ ಎರಡು ನಷ್ಟಗಳನ್ನು ಒಟ್ಟಿಗೆ ಕಲಸಿ ಮಾತಾಡುವುದರಿಂದಲೇ ಜಗಳ ಬಗೆಹರಿಯುವುದಿಲ್ಲ. ರೋಗಿ ಪೂರ್ತಿ 6,000 ವಾಪಸ್ ಕೇಳುತ್ತಾರೆ, ಕ್ಲಿನಿಕ್ ಒಂದು ರೂಪಾಯಿಯೂ ಇಲ್ಲ ಅನ್ನುತ್ತದೆ. ಮಧ್ಯದಲ್ಲಿರುವ ನ್ಯಾಯದ ಅಂಕಿಯನ್ನು ಯಾರೂ ಹುಡುಕುವುದಿಲ್ಲ. ಮೊದಲ ಡಾಕ್ಟರ್ ಮಾಡಿದ ಕೆಲಸವೇ ಕೆಟ್ಟಿದ್ದರೆ ಮಾತ್ರ ಆಗಿರುವ ಕೆಲಸದ ದುಡ್ಡನ್ನೂ ಕೇಳಲು ದಾರಿ ಇದೆ. ಆದರೆ ಅದನ್ನು ತೋರಿಸಿಕೊಡಬೇಕು.

ಬಿಡುವುದು ಯಾವ ಹಂತದಲ್ಲಿ ಎಂಬುದರ ಮೇಲೂ ಲೆಕ್ಕ ಬದಲಾಗುತ್ತದೆ. ಅದೇ ರೋಗಿ ಕಾಲುವೆ ತುಂಬಿಸಿಕೊಂಡ ಮೇಲೆ, ಒಳ್ಳೆ ಎಕ್ಸ್-ರೇ ಕೈಯಲ್ಲಿ ಹಿಡಿದುಕೊಂಡು ಹೋಗಿದ್ದರೆ, ಎರಡನೇ ಡಾಕ್ಟರ್ ಫಿಲ್ಲಿಂಗ್ ಮತ್ತು ಕ್ಯಾಪ್ ಮಾತ್ರ ಮಾಡಿದರೆ ಸಾಕಾಗಬಹುದು. ಆಗ ಹೊಸ ಖರ್ಚು 5,000. ಎರಡು ನಿಲ್ದಾಣಗಳ ಮಧ್ಯೆ ಬಸ್ಸಿಂದ ಇಳಿಯುವುದಕ್ಕೂ ನಿಲ್ದಾಣದಲ್ಲಿ ಇಳಿಯುವುದಕ್ಕೂ ಇರುವ ವ್ಯತ್ಯಾಸ ಇದು. ಬಿಡಲೇಬೇಕು ಎಂದು ತೀರ್ಮಾನಿಸಿದವರು, ನಂಬಿಕೆ ಪೂರ್ತಿ ಹೋಗಿಲ್ಲದಿದ್ದರೆ, ಆ ಹಂತ ಮುಗಿಸಿಕೊಂಡು ಬಿಡುವುದು ಲೇಸು.

ಎರಡನೇ ಡಾಕ್ಟರ್ ಯಾಕೆ ಪೂರ್ತಿ ಕೇಳುತ್ತಾರೆ?

ದುಡ್ಡಿನ ಆಸೆಗೆ ಮೊದಲಿಂದ ಮಾಡಬೇಕು ಅನ್ನುತ್ತಾರೆ ಎಂದು ಜನ ಅನುಮಾನ ಪಡುತ್ತಾರೆ. ಬಹುಪಾಲು ಸಲ ಆ ಅನುಮಾನ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಮುಚ್ಚಿದ ಹಲ್ಲಿನ ಒಳಗೆ ಏನಾಗಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಎಷ್ಟು ಕಾಲುವೆ ಸಿಕ್ಕಿವೆ? ದವಡೆ ಹಲ್ಲಿನಲ್ಲಿ ಮೂರೋ ನಾಲ್ಕೋ ಇರುತ್ತವೆ. ಒಂದನ್ನು ಬಿಟ್ಟಿದ್ದರೆ ಸೋಂಕು ಅಲ್ಲೇ ಕೂತಿರುತ್ತದೆ. ಫೈಲ್ ತುದಿಯವರೆಗೆ ಹೋಗಿತ್ತಾ? ಒಳಗೆ ಫೈಲ್ ಚೂರು ಮುರಿದು ಉಳಿದಿದೆಯಾ? ತಾತ್ಕಾಲಿಕ ಸಿಮೆಂಟ್ ಸೋರಿ ಜೊಲ್ಲು ಒಳಗೆ ಹೋಗಿದೆಯಾ? ಇದೆಲ್ಲ ಗೊತ್ತಿಲ್ಲದೆ ಮೇಲೆ ಕ್ಯಾಪ್ ಹಾಕಿದರೆ ಆರು ತಿಂಗಳಿಗೆ ಹಲ್ಲು ಊದಿಕೊಂಡಾಗ ದೂರು ಬರುವುದು ಕೊನೆಗೆ ಕೈ ಇಟ್ಟವರ ಮೇಲೆ. ಹಾಗಾಗಿ ಅವರು ಸಿಮೆಂಟ್ ತೆಗೆದು, ಮತ್ತೆ ಅಳೆದು, ಮತ್ತೆ ತೊಳೆಯುತ್ತಾರೆ. ಹೊಸ ಹಲ್ಲಿಗಿಂತ ಇನ್ನೊಬ್ಬರು ಕೈ ಹಾಕಿದ ಹಲ್ಲು ಕಷ್ಟ. ಆಗಲೇ ತುಂಬಿದ್ದನ್ನು ಕಿತ್ತು ಮತ್ತೆ ಮಾಡುವ ಕೆಲಸಕ್ಕೆ ಹೊಸ ರೂಟ್ ಕೆನಾಲ್‌ಗಿಂತ ಹೆಚ್ಚು ದರ ಇರುವುದು ಇದಕ್ಕೇ.

ಮೈಸೂರಿನ ಎರಡು ದಂತ ಕಾಲೇಜುಗಳನ್ನು, ಜೆಎಸ್‌ಎಸ್ ಮತ್ತು ಫಾರೂಕಿಯಾವನ್ನು, ಇಲ್ಲಿ ನೆನಪು ಮಾಡಿಕೊಳ್ಳಬಹುದು. ಇಂಥ ಬೋಧನಾ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳ ಬ್ಯಾಚ್ ಮುಗಿದಾಗ ರೋಗಿಯ ಕೇಸು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದು ಮಾಮೂಲು. ಅಲ್ಲಿ ಕೈ ಬದಲಾದರೂ ರೋಗಿಯ ದಾಖಲೆ ಅದೇ ಇರುತ್ತದೆ. ಯಾವ ಕಾಲುವೆ ಎಷ್ಟು ಉದ್ದ, ಯಾವ ದಿನ ಏನು ಮಾಡಲಾಯಿತು ಎಂದು ಕೇಸ್ ಶೀಟ್‌ನಲ್ಲಿ ಬರೆದಿರುತ್ತಾರೆ. ಮುಂದಿನವರು ಅಲ್ಲಿಂದ ಶುರು ಮಾಡುತ್ತಾರೆ. ಅಂದರೆ ಡಾಕ್ಟರ್ ಬದಲಾದ ಮಾತ್ರಕ್ಕೆ ಖರ್ಚು ಎರಡಾಗಬೇಕಿಲ್ಲ. ದಾಖಲೆ ಕೈಗೆ ಸಿಗದಿದ್ದಾಗ ಎರಡಾಗುತ್ತದೆ.

ಮೊದಲ ಕ್ಲಿನಿಕ್‌ನ ಕಡೆಯಿಂದ ನೋಡಿದರೆ

ಅವರ ವಾದವನ್ನೂ ಸರಿಯಾಗಿ ಕೇಳಬೇಕು. ರೋಗಿಗಾಗಿ ಎತ್ತಿಟ್ಟ ಸಮಯ ಇನ್ನೊಬ್ಬರಿಗೆ ಕೊಡಲು ಆಗಲಿಲ್ಲ. ಫೈಲ್‌ಗಳು ಕೆಲವೇ ಸಲ ಬಳಸಿ ಎಸೆಯುವಂಥವು. ಅಳತೆ ಲ್ಯಾಬ್‌ಗೆ ಹೋಗಿದ್ದರೆ ರೋಗಿ ಬರಲಿ ಬಿಡಲಿ, ಲ್ಯಾಬ್‌ನ ಬಿಲ್ಲು ಕಟ್ಟಲೇಬೇಕು. ಒಬ್ಬರ ಹಲ್ಲಿಗೆ ಮಾಡಿದ ಕ್ಯಾಪ್ ಇನ್ನೊಬ್ಬರಿಗೆ ಆಗುವುದಿಲ್ಲ. ಇನ್ನೂ ಒಂದಿದೆ: ನೋವು ಹೋದ ತಕ್ಷಣ ಬರುವುದನ್ನೇ ನಿಲ್ಲಿಸುವ ರೋಗಿಗಳು ಬಹಳ. ಮುಂಗಡ ತೆಗೆದುಕೊಳ್ಳುವುದೇ ಅವರು ಚಿಕಿತ್ಸೆ ಪೂರ್ತಿ ಮಾಡಿಸಿಕೊಳ್ಳಲಿ ಎಂದು ಅನ್ನುತ್ತಾರೆ ಡಾಕ್ಟರುಗಳು. ಇದರಲ್ಲಿ ಸುಳ್ಳಿಲ್ಲ.

ಮೈಸೂರಿನಿಂದ ಬೆಂಗಳೂರಿಗೆ ಟಿಕೆಟ್ ತಗೊಂಡು ಮಂಡ್ಯದಲ್ಲಿ ಇಳಿದರೆ ಕಂಡಕ್ಟರ್ ಉಳಿದ ದುಡ್ಡು ಕೊಡುತ್ತಾರಾ ಎಂದು ಯಾರಾದರೂ ಕೇಳಬಹುದು. ಕೊಡುವುದಿಲ್ಲ. ಆದರೆ ಆ ಬಸ್ಸು ಬೆಂಗಳೂರಿಗೆ ಹೋಗೇ ಹೋಗುತ್ತದೆ. ನೀವು ಇಳಿದದ್ದರಿಂದ ಡೀಸೆಲ್ ಉಳಿಯುವುದಿಲ್ಲ. ಹಲ್ಲಿನ ವಿಷಯ ಹಾಗಲ್ಲ. ಅಳತೆಯನ್ನೇ ತೆಗೆಯದ ಕ್ಯಾಪ್‌ಗೆ ಕ್ಲಿನಿಕ್ ಏನೂ ಖರ್ಚು ಮಾಡಿಲ್ಲ. ಆ ದುಡ್ಡು ಇಟ್ಟುಕೊಳ್ಳಲು ಕಾರಣ ಸಿಗುವುದಿಲ್ಲ. ಅಳತೆ ಲ್ಯಾಬ್‌ಗೆ ಹೋದ ಮೇಲಾದರೆ ಕಾರಣ ಇದೆ. ಗೆರೆ ಎಳೆಯಬೇಕಾದ್ದು ಅಲ್ಲಿ.

ಕ್ಲಿಪ್ ಹಾಕಿಸಿದವರ ಪಾಡು

ಹಲ್ಲು ಸಾಲು ಮಾಡಲು ಕ್ಲಿಪ್ ಹಾಕಿಸಿದರೆ ಚಿಕಿತ್ಸೆ ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷ ನಡೆಯುತ್ತದೆ. ಪಿಯುಸಿಯಲ್ಲಿ ಮೈಸೂರಿನಲ್ಲಿ ಹಾಕಿಸಿಕೊಂಡ ಹುಡುಗಿ ಎಂಜಿನಿಯರಿಂಗ್‌ಗೆ ಬೇರೆ ಊರಿಗೆ ಹೋಗುವ ವಯಸ್ಸೂ ಅದೇ. ಅರ್ಧಕ್ಕೆ ಬದಲಾಗುವ ಕೇಸುಗಳು ಇದರಲ್ಲಿ ಹೆಚ್ಚಾಗುವುದು ಸಹಜ.

ಇಲ್ಲಿ ದುಡ್ಡಿನ ಹಂಚಿಕೆ ಬೇರೆ. ಶುರುವಿನಲ್ಲೇ ದೊಡ್ಡ ಕೆಲಸ: ಅಚ್ಚು, ಎಕ್ಸ್-ರೇ, ಯೋಜನೆ, ಒಂದೊಂದು ಹಲ್ಲಿಗೂ ತಂತಿ ಹಿಡಿಯುವ ಬ್ರಾಕೆಟ್ ಅಂಟಿಸುವುದು. ಆಮೇಲೆ ತಿಂಗಳಿಗೊಮ್ಮೆ ತಂತಿ ಬಿಗಿ ಮಾಡುವುದು. ಆದ್ದರಿಂದ 24 ತಿಂಗಳಲ್ಲಿ 12 ತಿಂಗಳು ಆಗಿದೆ, ಅರ್ಧ ದುಡ್ಡು ವಾಪಸ್ ಕೊಡಿ ಎಂಬ ಲೆಕ್ಕ ಪೂರ್ತಿ ಸರಿ ಅಲ್ಲ. ಮೊದಲು ಆದ ದೊಡ್ಡ ಕೆಲಸದ ದುಡ್ಡು ಕಳೆದು, ಉಳಿದದ್ದನ್ನು ತಿಂಗಳ ಮೇಲೆ ಹಂಚಬೇಕು. ಇನ್ನು ಎರಡನೇ ಡಾಕ್ಟರ್‌ಗೆ ಬ್ರಾಕೆಟ್ ಯಾವ ಪದ್ಧತಿಯದು, ಹಲ್ಲು ಕೀಳಿಸಿದ್ದಾರಾ, ಯಾವ ತಂತಿ ನಡೆಯುತ್ತಿದೆ ಎಂಬುದೆಲ್ಲ ಬೇಕು. ಗೊತ್ತಿಲ್ಲದಿದ್ದರೆ ಇದ್ದದ್ದನ್ನು ಕಿತ್ತು ತಮ್ಮದನ್ನು ಅಂಟಿಸುತ್ತಾರೆ.

ತಂತಿಯ ಬದಲು ಹಲ್ಲಿನ ಮೇಲೆ ಒಂದಾದ ಮೇಲೊಂದು ತೊಡುವ ಪಾರದರ್ಶಕ ತಟ್ಟೆಗಳ, ಅಂದರೆ ಅಲೈನರ್‌ಗಳ, ತೊಡಕು ಇನ್ನೂ ದೊಡ್ಡದು. ಎಲ್ಲ ತಟ್ಟೆಗಳ ಯೋಜನೆ ಮೊದಲ ದಿನವೇ ಕಂಪ್ಯೂಟರಿನಲ್ಲಿ ತಯಾರಾಗುತ್ತದೆ. ಕಂಪನಿಗೆ ದುಡ್ಡೂ ಆಗಲೇ ಹೋಗಿರುತ್ತದೆ. ಆ ಯೋಜನೆ ಇರುವುದು ಮೊದಲ ಡಾಕ್ಟರ್‌ನ ಖಾತೆಯಲ್ಲಿ. ಅಮೆರಿಕದ ಸ್ಮೈಲ್‌ ಡೈರೆಕ್ಟ್‌ ಕ್ಲಬ್ ಎಂಬ ಅಲೈನರ್ ಕಂಪನಿ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿದಾಗ, ಚಿಕಿತ್ಸೆ ನಡುವೆ ಇದ್ದವರೆಲ್ಲ ಕೈ ಖಾಲಿ ನಿಂತರು. ಕಂತಿನ ಮೇಲೆ ಕೊಂಡವರು ಕಂತು ಕಟ್ಟುತ್ತಲೇ ಇರಬೇಕು ಎಂದು ಕಂಪನಿ ಹೇಳಿತ್ತು. ಡಾಕ್ಟರ್ ಬದಲಾಗುವುದು ರೋಗಿಯ ಇಷ್ಟದಿಂದಲೇ ಆಗಬೇಕು ಎಂದೇನಿಲ್ಲ.

ಇಂಪ್ಲಾಂಟ್ ಬಗ್ಗೆ, ಅಂದರೆ ಹೋದ ಹಲ್ಲಿನ ಜಾಗದಲ್ಲಿ ದವಡೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಾಕುವ ಹಲ್ಲಿನ ಬಗ್ಗೆ, ಒಂದೇ ಮಾತು. ದವಡೆಯೊಳಗೆ ಕೂರಿಸಿದ ಸ್ಕ್ರೂ ಯಾವ ಕಂಪನಿಯದು, ಯಾವ ಅಳತೆಯದು ಎಂದು ಗೊತ್ತಿಲ್ಲದೆ ಮೇಲಿನ ಹಲ್ಲು ಕೂರಿಸಲು ಆಗುವುದಿಲ್ಲ. ಡಬ್ಬಿಯ ಮೇಲಿನ ಸ್ಟಿಕ್ಕರ್ ಅನ್ನು ಅದೇ ದಿನ ಕೇಳಿ ಇಸಿದುಕೊಳ್ಳಬೇಕು.

ಕಂತು ನಿಲ್ಲುವುದಿಲ್ಲ

ದೊಡ್ಡ ಮೊತ್ತದ ಚಿಕಿತ್ಸೆಗೆ ಕ್ಲಿನಿಕ್‌ನಲ್ಲೇ ಇಎಂಐ ಮಾಡಿಕೊಡುತ್ತಾರೆ. ಫೋನಿಗೆ ಒಟಿಪಿ ಬರುತ್ತದೆ, ಹೇಳಿದರೆ ಮುಗಿಯಿತು. ಬಹಳ ಜನ ಅದನ್ನು ಡಾಕ್ಟರ್‌ಗೆ ಕೊಡುವ ಕಂತು ಅಂದುಕೊಳ್ಳುತ್ತಾರೆ. ಅಲ್ಲ. ಅದು ಹಣಕಾಸು ಕಂಪನಿಯಿಂದ ನಿಮ್ಮ ಹೆಸರಲ್ಲಿ ತೆಗೆದ ಸಾಲ. ಕಂಪನಿ ಕ್ಲಿನಿಕ್‌ಗೆ ದುಡ್ಡು ಕೊಟ್ಟುಬಿಟ್ಟಿರುತ್ತದೆ. ಡಾಕ್ಟರ್ ಬಿಟ್ಟೆ ಎಂದು ಕಂತು ನಿಲ್ಲಿಸಿದರೆ ಕ್ರೆಡಿಟ್ ಸ್ಕೋರ್ ಬೀಳುವುದು ನಿಮ್ಮದು, ಕ್ಲಿನಿಕ್‌ನದಲ್ಲ.

ಇಂಥ ಸಾಲಕ್ಕೆ ಬಡ್ಡಿ, ಶುಲ್ಕ ಎಲ್ಲ ಬರೆದ ಮುಖ್ಯಾಂಶಗಳ ಪತ್ರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಡಿಜಿಟಲ್ ಸಾಲವಾದರೆ ಕನಿಷ್ಠ ಒಂದು ದಿನದ ಕೂಲಿಂಗ್ ಆಫ್ ಅವಧಿ ಇರಬೇಕು. ಅಷ್ಟರಲ್ಲಿ ದಂಡ ಇಲ್ಲದೆ ಸಾಲದಿಂದ ಹೊರಬರಬಹುದು. ಆಮೇಲೆ ಬಿಟ್ಟರೆ ಕ್ಲಿನಿಕ್‌ನಿಂದ ವಾಪಸ್ ಪಡೆಯುವುದು ಒಂದು ಕೆಲಸ, ಸಾಲ ತೀರಿಸುವುದು ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ನಿಯಮದಲ್ಲಿ ಏನಿದೆ, ಏನಿಲ್ಲ

ಕೋಚಿಂಗ್ ಸೆಂಟರ್ ಅರ್ಧಕ್ಕೆ ಬಿಟ್ಟರೆ ಉಳಿದ ಅವಧಿಯ ಫೀಸನ್ನು 10 ದಿನದಲ್ಲಿ ವಾಪಸ್ ಕೊಡಬೇಕು ಎಂದು ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಮಾರ್ಗಸೂಚಿ ಹೇಳುತ್ತದೆ. ಹಲ್ಲಿನ ಚಿಕಿತ್ಸೆಗೆ ಇಷ್ಟು ಸ್ಪಷ್ಟವಾದ ಮಾತು ಇಲ್ಲ. ಇರುವುದು ಚೂರು ಚೂರಾಗಿ, ಬೇರೆ ಬೇರೆ ಕಡೆ.

ದಂತ ವೈದ್ಯರ ನೀತಿಸಂಹಿತೆಯ 2014ರ ನಿಯಮಗಳ ಪ್ರಕಾರ ಫೀಸನ್ನು ಚಿಕಿತ್ಸೆಗೆ ಮೊದಲೇ ಹೇಳಬೇಕು, ನಡುವೆ ಅಲ್ಲ. ದಾಖಲೆಗಳನ್ನು ಕನಿಷ್ಠ 3 ವರ್ಷ ಇಡಬೇಕು. ರೋಗಿ ಕೇಳಿದರೆ 72 ಗಂಟೆಯಲ್ಲಿ ಕೊಡಬೇಕು. ಈ ಮೂರನೆಯದು ಜನರಿಗೆ ಅಷ್ಟಾಗಿ ಗೊತ್ತಿಲ್ಲದ, ಆದರೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ನಿಯಮ. ಬಾಕಿ ಕಟ್ಟಿ, ಆಮೇಲೆ ಎಕ್ಸ್-ರೇ ಕೊಡ್ತೀವಿ ಎಂಬ ಮಾತು ನನಗೆ ಸ್ವಲ್ಪವೂ ಒಪ್ಪಿಗೆ ಇಲ್ಲ. ಬಾಕಿ ವಸೂಲಿಗೆ ಬೇರೆ ದಾರಿ ಇದೆ. ರೋಗಿಯ ಹಲ್ಲಿನ ಚಿತ್ರವನ್ನು ಅಡವು ಇಟ್ಟುಕೊಂಡರೆ ಎರಡನೇ ಡಾಕ್ಟರ್ ಕತ್ತಲಲ್ಲಿ ಕೆಲಸ ಮಾಡಬೇಕಾಗುತ್ತದೆ. ಈಗ ಹೆಚ್ಚಿನ ಕ್ಲಿನಿಕ್‌ಗಳಲ್ಲಿ ಎಕ್ಸ್-ರೇ ಕಂಪ್ಯೂಟರಿನಲ್ಲೇ ಇರುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಲು ಅರ್ಧ ನಿಮಿಷ ಸಾಕು.

ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. 2017ರಲ್ಲಿ ಅದಕ್ಕೆ ತಿದ್ದುಪಡಿ ಬಂದಾಗ ರಾಜ್ಯದ ಖಾಸಗಿ ಡಾಕ್ಟರುಗಳು ಮುಷ್ಕರ ಹೂಡಿದ್ದು ಅನೇಕರಿಗೆ ನೆನಪಿರಬಹುದು. ಆ ತಿದ್ದುಪಡಿಯಿಂದ ರೋಗಿಗಳ ಹಕ್ಕಿನ ಸನ್ನದು ಬಂತು, ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಬಂತು. ಹಲ್ಲಿನ ಕ್ಲಿನಿಕ್‌ಗಳೂ ಈ ಕಾಯ್ದೆಯೊಳಗೆ ನೋಂದಣಿ ಆಗಬೇಕು, ದರಪಟ್ಟಿ ರೋಗಿಗೆ ನೋಡಲು ಸಿಗಬೇಕು. ದರಪಟ್ಟಿಯಲ್ಲಿ ರೂಟ್ ಕೆನಾಲ್ ಒಂದು ಸಾಲು, ಕ್ಯಾಪ್ ಇನ್ನೊಂದು ಸಾಲು ಇದ್ದರೆ ಪ್ಯಾಕೇಜನ್ನು ಬಿಡಿಸಿ ಲೆಕ್ಕ ಹಾಕಲು ಅದೇ ಆಧಾರ. ಆ ಪಟ್ಟಿಯ ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

2019ರ ಗ್ರಾಹಕ ಕಾಯ್ದೆಯಲ್ಲಿ ಎರಡು ವಿಷಯ ಉಪಯೋಗಕ್ಕೆ ಬರುತ್ತವೆ. ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಕೊರತೆಯಿರುವ ಸೇವೆಯನ್ನು ನಿಲ್ಲಿಸಿ ದುಡ್ಡು ವಾಪಸ್ ಕೊಡಲು ಒಪ್ಪದಿರುವುದೂ ಅದೇ ಗುಂಪಿಗೆ ಸೇರುತ್ತದೆ. ಬಿಲ್ಲಿನಲ್ಲಿ ಗಡುವು ಬರೆದಿಲ್ಲದಿದ್ದರೆ 30 ದಿನ ಎಂದು ಕಾಯ್ದೆಯೇ ಹೇಳುತ್ತದೆ. ಆದರೆ ‘ಕೊರತೆಯಿರುವ’ ಎಂಬ ಪದ ನೋಡಿ. ಚಿಕಿತ್ಸೆ ಸರಿಯಾಗಿಯೇ ನಡೆಯುತ್ತಿತ್ತು, ರೋಗಿಗೆ ಊರು ಬದಲಾಯಿತು ಅಂದರೆ ಈ ಅಂಶ ನೇರವಾಗಿ ಸಹಾಯಕ್ಕೆ ಬರುವುದಿಲ್ಲ. ಆಗ ಮಾಡದ ಕೆಲಸದ ದುಡ್ಡು ಎಂಬ ವಾದವನ್ನೇ ಹಿಡಿಯಬೇಕು. ಏನೇ ಆದರೂ ವಾಪಸ್ ಇಲ್ಲ ಎಂದು ಸಹಿ ಹಾಕಿಸಿಕೊಂಡ ಫಾರಂ ಅನ್ಯಾಯದ ಕರಾರು ಎಂದು ಪ್ರಶ್ನಿಸಲೂ ಅವಕಾಶ ಇದೆ. ಅದನ್ನು ಕೇಳುವ ಅಧಿಕಾರ ರಾಜ್ಯ ಆಯೋಗ ಮತ್ತು ರಾಷ್ಟ್ರೀಯ ಆಯೋಗಕ್ಕೆ ಇದೆ, ಜಿಲ್ಲಾ ಆಯೋಗಕ್ಕಿಲ್ಲ. ಕೆಲವು ಸಾವಿರದ ಜಗಳಕ್ಕೆ ಅಲ್ಲಿಗೆ ಹೋಗುವುದು ಕಷ್ಟ. ಹಾಗಾಗಿ ದೂರನ್ನು ಸೇವೆಯ ಕೊರತೆ, ಮಾಡದ ಕೆಲಸಕ್ಕೆ ಪಡೆದ ದುಡ್ಡು ಎಂಬ ರೀತಿಯಲ್ಲಿ ಬರೆದು ಜಿಲ್ಲಾ ಆಯೋಗಕ್ಕೆ ಕೊಡುವುದು ಸುಲಭ.

ದೂರು ಎಲ್ಲಿ, ಹೇಗೆ

ಮೊದಲು ಕ್ಲಿನಿಕ್‌ಗೇ ಬರೆಯಬೇಕು. ಬಾಯಿಮಾತಿನಲ್ಲಿ ಅಲ್ಲ, ಇಮೇಲ್‌ನಲ್ಲೋ ರಿಜಿಸ್ಟರ್ಡ್ ಪೋಸ್ಟ್‌ನಲ್ಲೋ. ಆಗಿರುವ ಕೆಲಸ, ಕಟ್ಟಿದ ದುಡ್ಡು, ಆಗದ ಕೆಲಸ, ಕೇಳುತ್ತಿರುವ ಮೊತ್ತ, ಎಕ್ಸ್-ರೇ ಪ್ರತಿ. ಇಷ್ಟೇ. ಬೈಗುಳ ಬೇಡ. ಈ ಹಂತದಲ್ಲೇ ಮುಗಿಯುವ ಜಗಳಗಳು ಇವೆ, ಯಾಕೆಂದರೆ ಊರಲ್ಲಿ ಹೆಸರು ಉಳಿಸಿಕೊಳ್ಳಬೇಕು ಎಂಬುದು ಹೆಚ್ಚಿನ ಡಾಕ್ಟರುಗಳಿಗೆ ಇದ್ದೇ ಇರುತ್ತದೆ.

ಆಗದಿದ್ದರೆ 1915 ಗ್ರಾಹಕ ಸಹಾಯವಾಣಿ. ಅಲ್ಲಿಂದ ಮುಂದೆ ಜಿಲ್ಲಾ ಗ್ರಾಹಕ ಆಯೋಗ. ಕಟ್ಟಿದ ಮೊತ್ತ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕು ಎಂದಿಲ್ಲ. ತೊಂದರೆ ಆದ ದಿನದಿಂದ 2 ವರ್ಷದೊಳಗೆ ಹೋಗಬೇಕು. 2019ರ ಕಾಯ್ದೆಯಿಂದ ಇನ್ನೊಂದು ಅನುಕೂಲ ಆಗಿದೆ: ದೂರು ಕೊಡುವವರು ಇರುವ ಊರಿನ ಆಯೋಗದಲ್ಲೇ ಕೊಡಬಹುದು. ಬೆಂಗಳೂರಿನ ಕ್ಲಿನಿಕ್‌ನಲ್ಲಿ ತೋರಿಸಿದ ಮಂಡ್ಯದವರು ಮಂಡ್ಯದಲ್ಲೇ ದೂರು ಕೊಡಬಹುದು. ನೀತಿಸಂಹಿತೆ ಮೀರಿದ್ದಕ್ಕೆ ಕರ್ನಾಟಕ ರಾಜ್ಯ ದಂತ ಪರಿಷತ್ತು ಇದೆ, ಆದರೆ ಅದು ಡಾಕ್ಟರ್ ಮೇಲೆ ಶಿಸ್ತು ಕ್ರಮಕ್ಕೆ. ದುಡ್ಡು ವಾಪಸ್ ಕೊಡಿಸುವ ಜಾಗ ಅಲ್ಲ.

ಎರಡನೇ ಡಾಕ್ಟರ್ ಹತ್ತಿರ ಕೇಳಬೇಕಾದ್ದು ಒಂದಿದೆ. ಅವರು ಸಿಮೆಂಟ್ ತೆಗೆದ ಮೇಲೆ ಮೊದಲಿನ ಕೆಲಸದ ಗುರುತು ಉಳಿಯುವುದಿಲ್ಲ. ಅದಕ್ಕೇ ಕೈ ಹಾಕುವ ಮೊದಲು ಒಂದು ಎಕ್ಸ್-ರೇ, ಕಂಡದ್ದನ್ನು ಬರೆದ ಒಂದು ಚೀಟಿ ಕೇಳಿ. ಇನ್ನೊಬ್ಬ ಡಾಕ್ಟರ್ ತಪ್ಪು ಮಾಡಿದ್ದಾರೆ ಎಂದು ಬರೆಯಲು ಯಾರೂ ಮುಂದೆ ಬರುವುದಿಲ್ಲ, ಬರೆಸಲೂ ಹೋಗಬಾರದು. “ಹಲ್ಲು ಈಗ ಹೇಗಿದೆ ಅಂತ ಮಾತ್ರ ಬರೆದುಕೊಡಿ ಡಾಕ್ಟ್ರೇ” ಎಂದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ.

ಮುಂದೆ ಏನಾಗಬಹುದು?

ದೂರುಗಳು ಹೆಚ್ಚಾದರೆ ಎರಡು ದಾರಿ ಇವೆ. ಒಂದು, ಕ್ಲಿನಿಕ್‌ಗಳು ತಾವಾಗಿಯೇ ಹಂತದ ಬಿಲ್ಲಿಗೆ ಬರಬಹುದು. ಇವತ್ತು ಆದದ್ದು ಇದು, ಇವತ್ತಿನ ದುಡ್ಡು ಇಷ್ಟು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ರಸೀದಿ ಪುಸ್ತಕದಲ್ಲಿ ನಾಲ್ಕು ಸಾಲು ಹೆಚ್ಚು ಬರೆದರೆ ಸಾಕು. ಪ್ಯಾಕೇಜ್‌ನಲ್ಲಿ ಸಿಗುವ ಸ್ವಲ್ಪ ರಿಯಾಯಿತಿ ಆಗ ಹೋಗಬಹುದು. ಅದಕ್ಕೆ ಬದಲಾಗಿ, ಅರ್ಧಕ್ಕೆ ಬಿಟ್ಟರೆ ಎಷ್ಟು ಎಂಬುದು ಇಬ್ಬರಿಗೂ ಮೊದಲೇ ಗೊತ್ತಿರುತ್ತದೆ.

ಇನ್ನೊಂದು ದಾರಿ ಚಿಂತೆಯದು. ಬೇರೆಯವರು ಕೈ ಹಾಕಿದ ಹಲ್ಲು ನಮಗೆ ಬೇಡ ಎಂದು ಎರಡನೇ ಡಾಕ್ಟರುಗಳು ಬಾಗಿಲು ಹಾಕಿಬಿಡಬಹುದು. ದಾಖಲೆ ಇಲ್ಲದ ಹಲ್ಲಿಗೆ ಜವಾಬ್ದಾರಿ ಹೊರಲು ಯಾರಿಗೂ ಧೈರ್ಯ ಬರುವುದಿಲ್ಲ. ಆಗ ಎರಡು ಸಲ ದುಡ್ಡು ಕೊಡಲಾಗದವರಿಗೆ ಉಳಿಯುವುದು ಹಲ್ಲು ಕೀಳಿಸುವ ದಾರಿ. ಉಳಿಸಬಹುದಾಗಿದ್ದ ಹಲ್ಲು ಕಾಗದ ಇಲ್ಲ ಎಂಬ ಕಾರಣಕ್ಕೆ ಹೋಗುತ್ತದೆ. ಇದು ಮೊದಲು ತಟ್ಟುವುದು ಹಳ್ಳಿಯಿಂದ ಬಸ್ ಹತ್ತಿ ಬರುವವರಿಗೆ.

ಇನ್ನೊಂದು ಮಾತು, ಸಮಯದ ಬಗ್ಗೆ. ಯಾವ ವಸ್ತುವನ್ನೂ ಪರೀಕ್ಷೆಗೆ ಕಳಿಸುವ ಅಗತ್ಯ ಇಲ್ಲದ ದೂರನ್ನು ಎದುರು ಪಕ್ಷಕ್ಕೆ ನೋಟಿಸ್ ತಲುಪಿದ 3 ತಿಂಗಳಲ್ಲಿ ತೀರ್ಮಾನಿಸಲು ಆಯೋಗ ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ತಾತ್ಕಾಲಿಕ ಸಿಮೆಂಟ್ ನಿಲ್ಲುವುದು ಕೆಲವೇ ವಾರ. ಅದು ಸೋರಿದರೆ ಶುದ್ಧ ಮಾಡಿದ ಕಾಲುವೆಗೆ ಮತ್ತೆ ಸೋಂಕು ಹೋಗುತ್ತದೆ. ಕ್ಯಾಪ್ ಇಲ್ಲದ ದವಡೆ ಹಲ್ಲು ಒಂದು ಗಟ್ಟಿ ನಿಪ್ಪಟ್ಟು ಕಡಿದರೂ ಸೀಳಬಹುದು. ಆದ್ದರಿಂದ ದುಡ್ಡಿನ ಜಗಳ ಬಗೆಹರಿಯಲಿ ಎಂದು ಹಲ್ಲನ್ನು ಹಾಗೇ ಬಿಡಬೇಡಿ. ಎಕ್ಸ್-ರೇ ಮತ್ತು ಚೀಟಿ ಕೈಗೆ ಬಂದ ದಿನವೇ ಚಿಕಿತ್ಸೆ ಮುಂದುವರಿಸಬಹುದು. ದೂರನ್ನು ಆಮೇಲೂ ಕೊಡಬಹುದು, ತೊಂದರೆ ಆದ ದಿನದಿಂದ 2 ವರ್ಷ ಸಮಯ ಇದೆ.